ಖಿನ್ನತೆಗೆ ಅಂತರಜಾಲದ ಆರೈಕೆ: ಕ್ಯಾನ್‌ಬೆರಾದ ಸಂಶೋಧಕರು ಕಂಡುಕೊಂಡದ್ದು

ಮನೋವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಖಿನ್ನತೆ ಎಂದರೆ ಬರಿಯ ಬೇಸರವಲ್ಲ. ಕನಿಷ್ಠ ಎರಡು ವಾರ ಕಾಲ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿ ಹುಟ್ಟದಿರುವುದು, ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆಗಳು ಕೆಡುವುದು, ತಾನು ನಿಷ್ಪ್ರಯೋಜಕ ಎಂಬ ಭಾವ ಕಾಡುವುದು ಅದರ ಲಕ್ಷಣಗಳು. ಇದಕ್ಕೆ ಔಷಧಿಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ. ಕೊರತೆ ಇರುವುದು ಚಿಕಿತ್ಸೆ ನೀಡಬಲ್ಲವರ ಸಂಖ್ಯೆಯಲ್ಲಿ, ಮತ್ತು ಅವರ ಬಾಗಿಲಿಗೆ ಹೋಗುವ ಧೈರ್ಯದಲ್ಲಿ. ಈ ಎರಡು ಕೊರತೆಗಳನ್ನು ಗಣಕಯಂತ್ರದ ನೆರವಿನಿಂದ ನೀಗಿಸಬಹುದೇ ಎಂದು ಕ್ರಮಬದ್ಧವಾಗಿ ಪರೀಕ್ಷಿಸಿದ ಮೊದಲಿಗರಲ್ಲಿ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ತಂಡವೊಂದು ಪ್ರಮುಖವಾದುದು.

ಅಲ್ಲಿನ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಮಾನಸಿಕ ಆರೋಗ್ಯ ಸಂಶೋಧನಾ ಕೇಂದ್ರದಲ್ಲಿ ಹೆಲೆನ್ ಕ್ರಿಸ್ಟೆನ್‌ಸನ್, ಕ್ಯಾಥ್ಲೀನ್ ಗ್ರಿಫಿತ್ಸ್ ಮತ್ತು ಆಂಟನಿ ಜಾರ್ಮ್ ಒಟ್ಟಾಗಿ ಕೆಲಸ ಮಾಡುತ್ತಿದ್ದರು. ಜನಸಾಮಾನ್ಯರಿಗೆ ಮನೋರೋಗಗಳ ಬಗೆಗೆ ಇರಬೇಕಾದ ತಿಳಿವಳಿಕೆಗೆ ‘ಮಾನಸಿಕ ಆರೋಗ್ಯ ಸಾಕ್ಷರತೆ’ ಎಂಬ ಅರ್ಥದ ಹೆಸರನ್ನು 1997ರಲ್ಲಿ ಚಲಾವಣೆಗೆ ತಂದವರು ಜಾರ್ಮ್ ಮತ್ತು ಅವರ ಸಹೋದ್ಯೋಗಿಗಳು. ಓದುಬರಹ ಬಲ್ಲವರೂ ಈ ವಿಷಯದಲ್ಲಿ ನಿರಕ್ಷರಿಗಳಾಗಿರಬಹುದು ಎಂಬ ಧ್ವನಿ ಆ ಪದದಲ್ಲಿದೆ. ಅದು ನಮ್ಮಂಥ ವಿದ್ಯಾವಂತ ಕುಟುಂಬಗಳಿಗೂ ಅನ್ವಯಿಸುತ್ತದೆಯೆಂದು ಬೇರೆ ಹೇಳಬೇಕಿಲ್ಲ.

2001ರಲ್ಲಿ ಈ ತಂಡ ‘ಮೂಡ್‌ಜಿಮ್’ ಎಂಬ ಅಂತರಜಾಲ ತಾಣವನ್ನು ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಟ್ಟಿತು. ಮನಸ್ಸಿನ ಗರಡಿಮನೆ ಎಂದು ನಾವು ಕರೆಯಬಹುದು. ಇದರ ಬುನಾದಿ ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸತೊಡಗಿದ ಚಿಂತನಾ-ವರ್ತನಾ ಚಿಕಿತ್ಸೆ. ಒಂದು ಘಟನೆಗಿಂತ ಆ ಘಟನೆಗೆ ನಾವು ಕೊಡುವ ಅರ್ಥವೇ ಮನಸ್ಸನ್ನು ಹೆಚ್ಚು ಕುಗ್ಗಿಸುತ್ತದೆ ಎಂಬುದು ಅದರ ಮೂಲತತ್ವ. ಬೆಳಿಗ್ಗೆ ಮ್ಯಾನೇಜರು ಮಾತನಾಡಿಸದೆ ಒಳಗೆ ಹೋದರು ಎಂದಿಟ್ಟುಕೊಳ್ಳಿ. ‘ಅವರಿಗೇನೋ ಅವಸರವಿರಬೇಕು’ ಎಂದುಕೊಳ್ಳುವವನು ಲೆಡ್ಜರಿನತ್ತ ತಿರುಗುತ್ತಾನೆ. ‘ನನ್ನ ಕೆಲಸ ಅವರಿಗೆ ಹಿಡಿಸಿಲ್ಲ, ನಾನು ಯಾವುದಕ್ಕೂ ಬಾರದವನು’ ಎಂದುಕೊಳ್ಳುವವನಿಗೆ ಮಧ್ಯಾಹ್ನದ ಊಟವೂ ಸೇರದು. ಇಂತಹ ವಕ್ರವಾದ ಆಲೋಚನೆಗಳನ್ನು ಗುರುತಿಸಿ, ಅವಕ್ಕೆ ಪುರಾವೆ ಕೇಳಿ, ತಿದ್ದಿಕೊಳ್ಳುವ ಅಭ್ಯಾಸವನ್ನು ಮೂಡ್‌ಜಿಮ್ ಐದು ಪಾಠಗಳಲ್ಲಿ ಕಲಿಸುತ್ತಿತ್ತು. ಚಿತ್ರಪಾತ್ರಗಳು, ಪ್ರಶ್ನಾವಳಿಗಳು, ಬರೆದಿಟ್ಟುಕೊಳ್ಳಲು ಒಂದು ಅಭ್ಯಾಸ ಪುಸ್ತಕ ಅದರಲ್ಲಿದ್ದವು. ಇದೇ ತಂಡದ ಮತ್ತೊಂದು ತಾಣ ‘ಬ್ಲೂಪೇಜಸ್’. ಅದರಲ್ಲಿ ವ್ಯಾಯಾಮವೇನೂ ಇಲ್ಲ. ಖಿನ್ನತೆ ಎಂದರೇನು, ಯಾವ ಚಿಕಿತ್ಸೆಗೆ ಎಷ್ಟು ಆಧಾರವಿದೆ ಎಂಬ ಮಾಹಿತಿ ಮಾತ್ರ.

ಈ ಎರಡನ್ನೂ ಒರೆಗೆ ಹಚ್ಚಿದ ಪ್ರಯೋಗದ ಫಲಿತಾಂಶ 2004ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಸಮೀಕ್ಷೆಯ ಮೂಲಕ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದ 525 ಮಂದಿಯನ್ನು ಆರಿಸಿ, ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಮೂಡ್‌ಜಿಮ್, ಇನ್ನೊಂದಕ್ಕೆ ಬ್ಲೂಪೇಜಸ್. ಮೂರನೆಯ ಗುಂಪಿಗೆ ತಾಣವಿಲ್ಲ. ದೂರವಾಣಿಯಲ್ಲಿ ದಿನಚರಿಯ ಬಗೆಗೆ ಸಾಮಾನ್ಯ ಮಾತುಕತೆ ಮಾತ್ರ. ತಾಣ ಬಳಸುವವರಿಗೂ ಪ್ರತಿವಾರ ಒಂದು ಕರೆ ಹೋಗುತ್ತಿತ್ತು. ಕರೆ ಮಾಡುತ್ತಿದ್ದವರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಈ ವಾರ ಯಾವ ಪಾಠ ನೋಡಬೇಕು ಎಂದು ದಾರಿ ತೋರಿಸುವ ಸಾಮಾನ್ಯ ಸಂದರ್ಶಕರು. ಕೊನೆಗೆ ಇಪ್ಪತ್ತು ಪ್ರಶ್ನೆಗಳ ಮಾಪನದಿಂದ ಅಳೆದಾಗ, ಎರಡೂ ತಾಣಗಳ ಗುಂಪುಗಳಲ್ಲಿ ಖಿನ್ನತೆಯ ಲಕ್ಷಣಗಳು ಮೂರನೆಯ ಗುಂಪಿಗಿಂತ ಗಮನಾರ್ಹವಾಗಿ ಇಳಿದಿದ್ದವು. ಒಂದು ವರ್ಷದ ಬಳಿಕ ನೋಡಿದಾಗಲೂ ಪ್ರಯೋಜನ ಉಳಿದಿತ್ತೆಂದು ಇದೇ ತಂಡ 2008ರಲ್ಲಿ ವರದಿ ಮಾಡಿತು.

ಇದರಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಬ್ಲೂಪೇಜಸ್‌ನ ಯಶಸ್ಸು. ಸರಳ ಭಾಷೆಯಲ್ಲಿ ಬರೆದ ನಂಬಲರ್ಹ ಮಾಹಿತಿಯೂ ಮನಸ್ಸಿನ ಭಾರವನ್ನು ಇಳಿಸಬಲ್ಲುದು ಎಂದಾಯಿತು. ಕನ್ನಡಿಗರಿಗೆ ಈ ಮಾತು ಹೊಸದಾಗಿ ಕೇಳಿಸಬಾರದು. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ರೋಗಗಳ ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಎಷ್ಟೋ ಕನ್ನಡ ಮನೆಗಳ ಕಪಾಟಿನಲ್ಲಿವೆ. ಅವೂ ಒಂದು ಬಗೆಯ ಚಿಕಿತ್ಸೆಯೇ ಆಗಿದ್ದವೆಂದು ಹೇಳಲು ಈ ಪ್ರಯೋಗದ ಬೆಳಕಿನಲ್ಲಿ ಅಡ್ಡಿಯಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಪ್ರಯೋಗಕ್ಕೆ ಸೇರದೆ ತಾವಾಗಿಯೇ ಮೂಡ್‌ಜಿಮ್‌ಗೆ ಬಂದ 19,607 ಮಂದಿಯ ದಾಖಲೆಯನ್ನು ತಂಡವು ಪರಿಶೀಲಿಸಿತು. ಐದೂ ಪಾಠಗಳನ್ನು ಮುಗಿಸಿದವರು 97 ಮಂದಿ. ಅಂದರೆ ಇನ್ನೂರಕ್ಕೆ ಒಬ್ಬರು. ಪ್ರಯೋಗದಲ್ಲಿದ್ದವರಲ್ಲಾದರೋ ಐದರಲ್ಲಿ ಒಬ್ಬರಿಗೂ ಹೆಚ್ಚು ಜನ ಮುಗಿಸಿದ್ದರು. ತಾಣ ಅದೇ, ಪಾಠಗಳೂ ಅವೇ. ಗುಂಪುಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದಿರಬಹುದಾದರೂ, ವಾರಕ್ಕೊಮ್ಮೆ ಬರುತ್ತಿದ್ದ ಆ ಕರೆಯನ್ನು ಮರೆಯುವಂತಿಲ್ಲ. ಗುಂಥರ್ ಐಸೆನ್‌ಬಾಖ್ ಎಂಬ ಸಂಶೋಧಕರು 2005ರಲ್ಲಿ ಈ ಅಂಕಿಗಳನ್ನು ಮುಂದಿಟ್ಟು, ಅಂತರಜಾಲದ ಆರೋಗ್ಯ ಸೇವೆಗಳಲ್ಲಿ ಬಳಕೆದಾರರು ಉದುರಿಹೋಗುವುದು ಅಪವಾದವಲ್ಲ, ನಿಯಮವೇ ಎಂದು ವಾದಿಸಿದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದ ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಎಟಿಎಂ ಬಂದ ಮೇಲೂ ಹಿರಿಯರು ಪಾಸ್‌ಬುಕ್ ಹಿಡಿದು ಕೌಂಟರಿಗೆ ಬರುತ್ತಾರೆ. ಹಣಕ್ಕಾಗಿ ಮಾತ್ರ ಬರುತ್ತಾರೆಂದು ತಿಳಿಯುವುದು ತಪ್ಪು.

ಇಂಗ್ಲೆಂಡಿನಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ತಂಡದವರು 83 ವೈದ್ಯರ ಚಿಕಿತ್ಸಾಲಯಗಳಿಂದ 691 ಖಿನ್ನತೆಯ ರೋಗಿಗಳನ್ನು ಆರಿಸಿ ನಡೆಸಿದ ದೊಡ್ಡ ಪ್ರಯೋಗದ ವರದಿ 2015ರಲ್ಲಿ ಬಂದಿತು. ಮಾಮೂಲು ವೈದ್ಯಕೀಯ ಆರೈಕೆಯ ಜೊತೆಗೆ ಮೂಡ್‌ಜಿಮ್ ಅಥವಾ ‘ಬೀಟಿಂಗ್ ದ ಬ್ಲೂಸ್’ ಎಂಬ ಮತ್ತೊಂದು ಕಾರ್ಯಕ್ರಮವನ್ನು ಕೊಟ್ಟರೂ ನಾಲ್ಕು ತಿಂಗಳ ಬಳಿಕ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬಹುಪಾಲು ಜನ ಕಾರ್ಯಕ್ರಮವನ್ನು ಪೂರ್ತಿ ಬಳಸಿಯೇ ಇರಲಿಲ್ಲ. 2017ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ ಮೂಡ್‌ಜಿಮ್ ಬಳಸುವವರಿಗೆ ದೂರವಾಣಿಯ ಮೂಲಕ ಹೆಚ್ಚಿನ ಬೆಂಬಲ ಒದಗಿಸಿದಾಗ ಅದೇ ನಾಲ್ಕು ತಿಂಗಳಲ್ಲಿ ಫಲಿತಾಂಶ ಉತ್ತಮಗೊಂಡಿತು. ಯಂತ್ರವನ್ನು ಹೊಗಳುವವರೂ ತೆಗಳುವವರೂ ಈ ಎರಡು ವರದಿಗಳನ್ನು ಒಟ್ಟಿಗೆ ಓದಬೇಕು.

ಇಂತಹ ಸ್ವಸಹಾಯ ಕಾರ್ಯಕ್ರಮಗಳು ಮುಖ್ಯವಾಗಿ ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಖಿನ್ನತೆಗೆ. ಅನ್ನನೀರು ಬಿಟ್ಟು ಹಾಸಿಗೆ ಹಿಡಿದವರನ್ನು, ಬದುಕು ಸಾಕೆಂದು ಮಾತನಾಡುವವರನ್ನು ಮೊಬೈಲಿನ ಮುಂದೆ ಕೂರಿಸುವುದಲ್ಲ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಮ್ಮ ದೇಶದ ಸ್ಥಿತಿಯನ್ನು ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತೆರೆದಿಟ್ಟಿದೆ. 12 ರಾಜ್ಯಗಳಲ್ಲಿ ನಡೆದ ಆ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಜೀವಿತದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು; ಮಹಾನಗರಗಳಲ್ಲಿ ಪ್ರಮಾಣ ಹೆಚ್ಚು. ಖಿನ್ನತೆ, ಆತಂಕಗಳಂತಹ ಸಾಮಾನ್ಯ ಮನೋರೋಗಗಳುಳ್ಳ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಕ್ಯಾನ್‌ಬೆರಾದ ಮಾದರಿ ಹೆಚ್ಚು ಅಗತ್ಯವಿರುವುದು ಇಂತಹ ನಾಡಿಗೇ. ನಿಮ್ಹಾನ್ಸ್‌ನ ಸೀಮಾ ಮೆಹ್ರೋತ್ರಾ, ಪೌಲೋಮಿ ಸುಧೀರ್ ಮೊದಲಾದವರು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಟಿ. ಕೆ. ಶ್ರೀಕಾಂತ್ ಅವರೊಡಗೂಡಿ ಭಾರತೀಯರಿಗಾಗಿಯೇ ‘ಪುಶ್-ಡಿ’ ಎಂಬ ಸ್ವಸಹಾಯ ಕಾರ್ಯಕ್ರಮವನ್ನು ಸಿದ್ಧಪಡಿಸಿ, ಪ್ರಾಥಮಿಕ ಪರೀಕ್ಷೆಯ ವಿವರಗಳನ್ನು 2018ರಲ್ಲಿ ಪ್ರಕಟಿಸಿದರು.

ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸೇವೆ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾಯಿತು. ಇದರ ಮುಖ್ಯ ಕೇಂದ್ರವೂ ನಿಮ್ಹಾನ್ಸ್. ತಂತ್ರಜ್ಞಾನದ ನೆರವು ಮೇಲೆ ಹೇಳಿದ ಬೆಂಗಳೂರಿನ ಸಂಸ್ಥೆಯದು. ಇಲ್ಲಿ ತಾಣಕ್ಕಿಂತ ಮೊದಲು ಬಂದದ್ದು ಧ್ವನಿ: 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿದರೆ ತರಬೇತಿ ಪಡೆದ ಸಲಹೆಗಾರರು ಮಾತನಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ಮೊಬೈಲ್ ಆ್ಯಪ್ ಬಂದದ್ದು ಎರಡು ವರ್ಷದ ನಂತರ. ಸೇವೆ ದೊರೆಯುವ 20 ಭಾಷೆಗಳಲ್ಲಿ ಕನ್ನಡವೂ ಒಂದು. ಮನೆಯ ಹಿರಿಯರಿಗೆ ಈ ಸಂಖ್ಯೆಯನ್ನು ಬರೆದುಕೊಡುವಾಗ ಇದನ್ನೂ ತಿಳಿಸುವುದು ಒಳ್ಳೆಯದು; ಎಷ್ಟೋ ದಶಕ ಮರಾಠಿ, ತಮಿಳು, ಹಿಂದಿಗಳಲ್ಲಿ ವ್ಯವಹರಿಸಿದವರಿಗೂ ಸಂಕಟ ಹೇಳಿಕೊಳ್ಳಲು ಮನೆಮಾತೇ ಬೇಕಾಗುತ್ತದೆ.