ದೇಹದ ಅಳತೆ ಮತ್ತು ರೋಗದ ಮುನ್ಸೂಚನೆ: ಒಂದು ಇತಿಹಾಸ

ಇಂದು ಯಾವುದೇ ಆರೋಗ್ಯ ತಪಾಸಣಾ ಶಿಬಿರಕ್ಕೆ ಹೋದರೂ ಮೊದಲು ನಡೆಯುವ ಕೆಲಸಗಳು ಮೂರು. ತೂಕ ನೋಡುತ್ತಾರೆ, ಎತ್ತರ ಅಳೆಯುತ್ತಾರೆ, ರಕ್ತದೊತ್ತಡ ಪರೀಕ್ಷಿಸುತ್ತಾರೆ. ತೂಕ ಮತ್ತು ಎತ್ತರದಿಂದ ಲೆಕ್ಕ ಹಾಕಿ ಚೀಟಿಯ ಮೇಲೆ 'ಬಿಎಂಐ' ಎಂದು ಒಂದು ಸಂಖ್ಯೆ ಬರೆಯುತ್ತಾರೆ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇದು. ಅದು 25ಕ್ಕಿಂತ ಕಡಿಮೆ ಇದ್ದರೆ ಅನೇಕರು ನೆಮ್ಮದಿಯಿಂದ ಮನೆಗೆ ಮರಳುತ್ತಾರೆ.

ಈ ನೆಮ್ಮದಿ ಎಷ್ಟರಮಟ್ಟಿಗೆ ಸರಿ? ಈ ಸಂಖ್ಯೆ ಎಲ್ಲಿಂದ ಬಂತು, ಯಾರನ್ನು ಅಳೆದು ಇದನ್ನು ಸಿದ್ಧಪಡಿಸಿದರು, 25 ಎಂಬ ಗೆರೆಯನ್ನು ಎಳೆದವರು ಯಾರು ಎಂಬುದನ್ನು ತಿಳಿದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಸಕ್ಕರೆ ಕಾಯಿಲೆ ಮತ್ತು ಹೃದಯಾಘಾತ ಮನೆಮನೆಯ ಮಾತಾಗಿರುವ ಈ ದಿನಗಳಲ್ಲಿ ನಮ್ಮ ವಿದ್ಯಾರ್ಥಿಗಳು ಈ ಇತಿಹಾಸವನ್ನು ಅರಿತಿರುವುದು ಅಗತ್ಯ.

ಖಗೋಳ ವಿಜ್ಞಾನಿಯ ಸೂತ್ರ

ಬಿಎಂಐ ಸೂತ್ರದ ಮೂಲಪುರುಷ ವೈದ್ಯನಲ್ಲ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಆತ ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ (1796-1874). ಗಣಿತ ಮತ್ತು ಖಗೋಳ ವಿಜ್ಞಾನ ಆತನ ಕ್ಷೇತ್ರ. ಬ್ರಸೆಲ್ಸ್ ನಗರದ ವೀಕ್ಷಣಾಲಯವನ್ನು ಸ್ಥಾಪಿಸಿದವನೂ ಆತನೇ. ನಕ್ಷತ್ರಗಳ ಸ್ಥಾನವನ್ನು ಹಲವು ಬಾರಿ ಅಳೆದು ಸರಾಸರಿ ತೆಗೆಯುವ ಪದ್ಧತಿಯನ್ನು ಮನುಷ್ಯರಿಗೂ ಅನ್ವಯಿಸಬಹುದೇ ಎಂದು ಆತ ಯೋಚಿಸಿದ. ಸಾವಿರಾರು ಜನರ ಎತ್ತರ, ತೂಕ, ಎದೆಯ ಸುತ್ತಳತೆಗಳ ಅಂಕಿಅಂಶಗಳನ್ನು ಕಲೆಹಾಕಿದ. 1835ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 'ಸರಾಸರಿ ಮನುಷ್ಯ' ಎಂಬ ಕಲ್ಪನೆಯನ್ನು ಮುಂದಿಟ್ಟ.

ದೇಹವು ಎಲ್ಲ ದಿಕ್ಕಿನಲ್ಲೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಾದರೆ ತೂಕವು ಎತ್ತರದ ಘನಕ್ಕೆ ಅನುಗುಣವಾಗಿ ಹೆಚ್ಚಬೇಕು. ಆದರೆ ವಯಸ್ಕರಲ್ಲಿ ತೂಕವು ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಕೆಟ್ಲೆ ಕಂಡುಕೊಂಡ. ಆತನಿಗೆ ಬೇಕಾಗಿದ್ದುದು ಜನಸಮೂಹದ ವರ್ಣನೆ. ಒಬ್ಬ ವ್ಯಕ್ತಿಗೆ ಬೊಜ್ಜು ಇದೆಯೇ, ಮುಂದೆ ರೋಗ ಬರುವುದೇ ಎಂದು ತಿಳಿಯುವ ಉದ್ದೇಶ ಆತನಿಗೆ ಇರಲಿಲ್ಲ. ಯುರೋಪಿನ ಜನರನ್ನು ಅಳೆದು ಪಡೆದ ಈ ಸೂತ್ರ ಸುಮಾರು ಒಂದೂವರೆ ಶತಮಾನ ಕಾಲ ಸಂಖ್ಯಾಶಾಸ್ತ್ರದ ಪುಟಗಳಲ್ಲೇ ಉಳಿಯಿತು.

ವಿಮಾ ಕಂಪೆನಿಗಳ ಲೆಕ್ಕಾಚಾರ

ದೇಹದ ತೂಕಕ್ಕೂ ಆಯುಷ್ಯಕ್ಕೂ ಇರುವ ಸಂಬಂಧವನ್ನು ಮೊದಲು ವ್ಯವಸ್ಥಿತವಾಗಿ ಪರಿಶೀಲಿಸಿದವರು ಅಮೆರಿಕದ ಜೀವವಿಮಾ ಕಂಪೆನಿಗಳು. ಯಾರು ಬೇಗ ಸಾಯುತ್ತಾರೆ, ಯಾರಿಂದ ಹೆಚ್ಚು ಕಂತು ಪಡೆಯಬೇಕು ಎಂಬುದು ಅವರ ವ್ಯಾಪಾರದ ಪ್ರಶ್ನೆಯಾಗಿತ್ತು. 20ನೇ ಶತಮಾನದ ಆರಂಭದಲ್ಲಿಯೇ ಅವರು ಪಾಲಿಸಿದಾರರ ದಾಖಲೆಗಳನ್ನು ಒಟ್ಟುಗೂಡಿಸಿ ತೂಕ ಹೆಚ್ಚಿದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚು ಎಂದು ತೋರಿಸಿದರು. ಮೆಟ್ರೋಪಾಲಿಟನ್ ಲೈಫ್ ಕಂಪೆನಿಯು 1942-43ರಲ್ಲಿ 'ಆದರ್ಶ ತೂಕ'ದ ಪಟ್ಟಿಗಳನ್ನು ಪ್ರಕಟಿಸಿತು. 1959ರಲ್ಲಿ ಹೊಸ ಪಟ್ಟಿ ಬಂತು. ವೈದ್ಯರು ಈ ಪಟ್ಟಿಗಳನ್ನು ಗೋಡೆಗೆ ತೂಗುಹಾಕಿಕೊಂಡರು.

ಈ ಪಟ್ಟಿಗಳಿಗೆ ದೊಡ್ಡ ಮಿತಿಯಿತ್ತು. ವಿಮೆ ಕೊಳ್ಳುವ ಶಕ್ತಿಯಿದ್ದವರ ದಾಖಲೆ ಮಾತ್ರ ಅವುಗಳ ಆಧಾರ. ಬಡವರು, ಕೂಲಿಕಾರರು, ಬೇರೆ ದೇಶದವರು ಆ ಲೆಕ್ಕದಲ್ಲಿ ಬಂದಿರಲೇ ಇಲ್ಲ.

ಒಬ್ಬ ರಾಷ್ಟ್ರಾಧ್ಯಕ್ಷನ ಸಾವು ಮತ್ತು ಫ್ರಾಮಿಂಗ್‌ಹ್ಯಾಮ್

ರಕ್ತದೊತ್ತಡದ ಕತೆ ಇನ್ನೊಂದು ರೀತಿಯದು. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಸಾಧನವನ್ನು ರೂಪಿಸಿದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಾಸ್ಕೋಪಿನ ಮೂಲಕ ರಕ್ತನಾಳದ ಶಬ್ದ ಕೇಳಿ ಅಳೆಯುವ ವಿಧಾನವನ್ನು ತಿಳಿಸಿದರು. ಅಳೆಯುವುದೇನೋ ಸಾಧ್ಯವಾಯಿತು. ಆದರೆ ಅಳತೆಯ ಅರ್ಥ ವೈದ್ಯರಿಗೆ ಸ್ಪಷ್ಟವಿರಲಿಲ್ಲ. ವಯಸ್ಸಾದಂತೆ ಒತ್ತಡ ಏರುವುದು ಸಹಜ, ಅದನ್ನು ಇಳಿಸಬಾರದು ಎಂದು ನಂಬಿದವರೂ ಇದ್ದರು.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ನಿಧನರಾದರು. ಆಗ ಅವರ ವಯಸ್ಸು 63. ಅಂದು ಅವರ ರಕ್ತದೊತ್ತಡ 300/190 ಎಂದು ದಾಖಲಾಗಿತ್ತು. 1944ರಲ್ಲಿಯೇ ಅದು 186/108 ಇತ್ತು. ದೇಶದ ಮೊದಲ ಪ್ರಜೆಯ ದೇಹದಲ್ಲೇ ಅಪಾಯದ ಸೂಚನೆ ವರ್ಷಗಟ್ಟಲೆ ಕಾಣುತ್ತಿದ್ದರೂ ಅದನ್ನು ತಡೆಯುವ ಸಮರ್ಥ ಔಷಧ ವೈದ್ಯರ ಕೈಯಲ್ಲಿ ಇರಲಿಲ್ಲ.

1948ರಲ್ಲಿ ಅಮೆರಿಕ ಸರಕಾರವು ಹೃದ್ರೋಗ ಸಂಶೋಧನೆಗಾಗಿ ಕಾನೂನು ಮಾಡಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಮ್ ಎಂಬ ಸಣ್ಣ ಪಟ್ಟಣದಲ್ಲಿ ಒಂದು ಮಹತ್ವದ ಅಧ್ಯಯನ ಆರಂಭವಾಯಿತು. 5,209 ಸ್ತ್ರೀಪುರುಷರನ್ನು ಆರಿಸಿ, ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾ ಹೋದರು. ಯಾರಿಗೆ ಹೃದ್ರೋಗ ಬಂತು, ಬರುವ ಮೊದಲು ಅವರ ಅಳತೆಗಳು ಹೇಗಿದ್ದವು ಎಂದು ನೋಡುವುದೇ ಇದರ ಕ್ರಮ. 1961ರಲ್ಲಿ ಈ ತಂಡ ಪ್ರಕಟಿಸಿದ ಲೇಖನದಿಂದ 'ಅಪಾಯಕಾರಿ ಅಂಶ' ಎಂಬ ಮಾತು ವೈದ್ಯಕೀಯದಲ್ಲಿ ನೆಲೆಯೂರಿತು. ಅಧಿಕ ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನ, ಸಕ್ಕರೆ ಕಾಯಿಲೆ ಮುಂತಾದವುಗಳನ್ನು ಒಟ್ಟುಗೂಡಿಸಿ, ಇಂಥ ವ್ಯಕ್ತಿಗೆ ಮುಂದಿನ ಹತ್ತು ವರ್ಷಗಳಲ್ಲಿ ಹೃದ್ರೋಗ ಬರುವ ಸಾಧ್ಯತೆ ಶೇಕಡಾ ಇಷ್ಟು ಎಂದು ಹೇಳುವ ಲೆಕ್ಕಾಚಾರವೂ ಮುಂದೆ ಇಲ್ಲಿಂದಲೇ ಬಂತು. ರೋಗ ಬಂದ ಮೇಲೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯಶಾಸ್ತ್ರವು ರೋಗ ಬರುವ ಮೊದಲೇ ಎಚ್ಚರಿಸಲು ಕಲಿಯಿತು.

ಆದರೆ ಫ್ರಾಮಿಂಗ್‌ಹ್ಯಾಮ್‌ನ ಆ ಮೊದಲ ತಂಡದವರು ಬಹುತೇಕ ಎಲ್ಲರೂ ಬಿಳಿಯರು. ಅವರ ಲೆಕ್ಕವನ್ನು ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರಿಗೆ ಹಾಕಿದಾಗ ಅಪಾಯ ನಿಜಕ್ಕಿಂತ ಕಡಿಮೆ ಕಾಣುತ್ತಿತ್ತು. 2008ರಲ್ಲಿ ಬ್ರಿಟನ್ನಿನ ಪರಿಷ್ಕೃತ ಅಪಾಯಸೂಚಿಯಲ್ಲಿ ವ್ಯಕ್ತಿಯ ಜನಾಂಗೀಯ ಮೂಲವನ್ನೂ ಸೇರಿಸಬೇಕಾಯಿತು.

ಹಳೆಯ ಸೂತ್ರಕ್ಕೆ ಹೊಸ ಹೆಸರು

1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ 7,400ಕ್ಕೂ ಹೆಚ್ಚು ಪುರುಷರ ಅಳತೆಗಳನ್ನು ಪರಿಶೀಲಿಸಿದರು. ತೂಕ ಮತ್ತು ಎತ್ತರದ ಹಲವು ಸೂತ್ರಗಳನ್ನು ಹೋಲಿಸಿ, ಕೆಟ್ಲೆಯ ಸೂತ್ರವೇ ಇದ್ದುದರಲ್ಲಿ ಸರಳ ಮತ್ತು ಸಮಂಜಸ ಎಂದು ತೀರ್ಮಾನಿಸಿ ಅದಕ್ಕೆ 'ಬಾಡಿ ಮಾಸ್ ಇಂಡೆಕ್ಸ್' ಎಂದು ಹೆಸರಿಟ್ಟರು. ಆ ಅಧ್ಯಯನದಲ್ಲಿ ಮಹಿಳೆಯರು ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಗೆರೆ ಎಲ್ಲಿ ಎಳೆಯಬೇಕು ಎಂಬುದೂ ಆಗಾಗ ಬದಲಾಗಿದೆ. 1985ರಲ್ಲಿ ಅಮೆರಿಕದಲ್ಲಿ ಪುರುಷರಿಗೆ 27.8, ಮಹಿಳೆಯರಿಗೆ 27.3 ಎಂದು ಗೆರೆ ಹಾಕಿದ್ದರು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮಕ್ಕೆ ಅನುಗುಣವಾಗಿ ಅದನ್ನು 25ಕ್ಕೆ ಇಳಿಸಿದರು. ಮೈಮೇಲೆ ಒಂದು ಗ್ರಾಂ ಹೆಚ್ಚಾಗದಿದ್ದರೂ ಕೋಟಿಗಟ್ಟಲೆ ಜನ ಒಂದೇ ದಿನದಲ್ಲಿ 'ಅಧಿಕ ತೂಕದವರು' ಎನಿಸಿಕೊಂಡರು. ಅಪಾಯವು ಮೆಟ್ಟಿಲಿನಂತೆ ಒಮ್ಮೆಲೇ ಏರುವುದಿಲ್ಲ, ಇಳಿಜಾರಿನಂತೆ ಮೆಲ್ಲನೆ ಏರುತ್ತದೆ. ಅದರ ಮೇಲೆ ಗೆರೆ ಎಳೆಯುವುದು ಮನುಷ್ಯರ ತೀರ್ಮಾನ.

ಪುಣೆಯ ವೈದ್ಯ, ಲಂಡನ್ನಿನ ವೈದ್ಯ

2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಅಕ್ಕಪಕ್ಕ ನಿಂತ ಒಂದು ಚಿತ್ರ ಪ್ರಕಟವಾಯಿತು. ಒಬ್ಬರು ಪುಣೆಯ ಡಾ. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದಲ್ಲಿದ್ದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತಕ್ಕಡಿಯಲ್ಲಿ ಕಾಣದ ವ್ಯತ್ಯಾಸವನ್ನು ಈ ಒಂದು ಚಿತ್ರ ಜಗತ್ತಿಗೆ ತೋರಿಸಿಕೊಟ್ಟಿತು. ನಮ್ಮವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬು ಹೊಟ್ಟೆಯ ಸುತ್ತ ಶೇಖರವಾಗುವುದೂ ಹೆಚ್ಚು.

ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದ ಜನರಿಗೆ 23ರಿಂದಲೇ ಎಚ್ಚರಿಕೆ ಅಗತ್ಯ ಎಂದರು. 2009ರಲ್ಲಿ ಭಾರತದ ತಜ್ಞರು 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ನಿಗದಿಪಡಿಸಿದರು. ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಮಿತಿ ಎಂದರು. ಒಂದು ಲೆಕ್ಕ ನೋಡೋಣ. 165 ಸೆಂ.ಮೀ. ಎತ್ತರ, 65 ಕಿಲೋ ತೂಕವಿರುವ ವ್ಯಕ್ತಿಯ ಬಿಎಂಐ ಸುಮಾರು 23.9. ಹಳೆಯ ಪಟ್ಟಿಯ ಪ್ರಕಾರ ಆತ ಆರೋಗ್ಯವಂತ. ನಮ್ಮ ದೇಶದ ಪಟ್ಟಿಯ ಪ್ರಕಾರ ಆತ ಈಗಲೇ ಎಚ್ಚರ ವಹಿಸಬೇಕಾದವನು.

ಮೈಸೂರಿನ ಹೆರಿಗೆ ದಾಖಲೆಗಳು

ನಮ್ಮ ಕರ್ನಾಟಕವೂ ಈ ಇತಿಹಾಸದಲ್ಲಿ ಒಂದು ಗೌರವದ ಸ್ಥಾನ ಪಡೆದಿದೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ 'ಮಿಷನ್ ಆಸ್ಪತ್ರೆ' ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಹುಟ್ಟುವಾಗಿನ ತೂಕಕ್ಕೂ ಮುಂದಿನ ರೋಗಕ್ಕೂ ಸಂಬಂಧವಿದೆ ಎಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ವಾದಿಸುತ್ತಿದ್ದ ಕಾಲದಲ್ಲಿ ಈ ದಾಖಲೆಗಳು ಬೆಳಕಿಗೆ ಬಂದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಲಾಯಿತು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ಮೀರಿದವರಲ್ಲಿ ಅದು ಶೇ. 3 ಮಾತ್ರ. ತಾಯಿಯೂ ಕೃಶಳಾಗಿದ್ದಲ್ಲಿ ಅಪಾಯ ಇನ್ನೂ ಹೆಚ್ಚು.

ಹುಟ್ಟುವಾಗ ಬಡಕಲಾಗಿದ್ದ ಮಗು ಮುಂದೆ ಹೊಟ್ಟೆ ತುಂಬ ಉಂಡು, ಕುಳಿತು ಕೆಲಸ ಮಾಡುವ ಸ್ಥಿತಿಗೆ ಬಂದಾಗ ದೇಹಕ್ಕೆ ಅದು ಹೊಂದುವುದಿಲ್ಲ ಎಂಬುದು ಈ ವಾದದ ಸಾರ. ಗರ್ಭಿಣಿ ತಾಯಿಯ ಆಹಾರ, ಹೆಣ್ಣುಮಕ್ಕಳ ಪೋಷಣೆ ಮತ್ತು ವಿದ್ಯೆ ಕೂಡ ಹೃದಯದ ಆರೋಗ್ಯದ ಪ್ರಶ್ನೆಗಳೇ ಎಂಬ ಅರಿವಿಗೆ ಮೈಸೂರಿನ ಆ ಹಳೆಯ ಪುಸ್ತಕಗಳು ಆಧಾರವಾದವು.

ಬೆಂಗಳೂರಿನಲ್ಲಿ ಕಲಿತ ವೈದ್ಯನ ಸಾಧನೆ

ಕೇರಳದ ಕೊಟ್ಟಾರಕ್ಕರದಲ್ಲಿ 1952ರಲ್ಲಿ ಹುಟ್ಟಿದ ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತವರು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದರು, ನಂತರ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. ಶ್ರೀಮಂತ ದೇಶಗಳ ಲೆಕ್ಕವನ್ನು ಜಗತ್ತಿಗೆಲ್ಲ ಅನ್ವಯಿಸಬಹುದೇ ಎಂಬ ಪ್ರಶ್ನೆಯನ್ನು ಅವರ ತಂಡ ನೇರವಾಗಿ ಕೈಗೆತ್ತಿಕೊಂಡಿತು. 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನದಲ್ಲಿ 52 ದೇಶಗಳ ಸುಮಾರು 15 ಸಾವಿರ ಹೃದಯಾಘಾತದ ರೋಗಿಗಳನ್ನು ಬಹುತೇಕ ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಿ ನೋಡಲಾಯಿತು. ಧೂಮಪಾನ, ರಕ್ತದ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಸೇರಿದಂತೆ ಒಂಬತ್ತು ಅಂಶಗಳಿಂದಲೇ ಹೃದಯಾಘಾತದ ಅಪಾಯದ ಶೇ. 90ರಷ್ಟನ್ನು ವಿವರಿಸಬಹುದು ಎಂದು ಕಂಡುಬಂತು. ಸೊಂಟ ಮತ್ತು ನಿತಂಬದ ಸುತ್ತಳತೆಗಳ ಅನುಪಾತವು ಬಿಎಂಐಗಿಂತ ಬಹಳ ಚೆನ್ನಾಗಿ ಅಪಾಯವನ್ನು ಸೂಚಿಸುತ್ತದೆ ಎಂದು 2005ರಲ್ಲಿ ಅದೇ ತಂಡ ತೋರಿಸಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53, ಉಳಿದೆಡೆ ಸುಮಾರು 59 ಎಂಬ ಆತಂಕದ ಸಂಗತಿಯೂ ಇದೇ ಅಧ್ಯಯನದಿಂದ ತಿಳಿಯಿತು. ಮಕ್ಕಳ ಓದು, ಮದುವೆ, ಮನೆಯ ಸಾಲ ಎಲ್ಲವೂ ಹೆಗಲ ಮೇಲಿರುವಾಗ ಬರುವ ಆರು ವರ್ಷಗಳ ಅಂತರವದು.

ಇಂದಿನ ನಿಲುವು

ದುಬಾರಿ ಯಂತ್ರವಿಲ್ಲದೆಯೂ ಅಪಾಯವನ್ನು ಗುರುತಿಸಬಹುದು ಎಂದು ನಮ್ಮ ದೇಶದ ವೈದ್ಯರು ತೋರಿಸಿದ್ದಾರೆ. 2005ರಲ್ಲಿ ಮದ್ರಾಸಿನ ಡಾ. ವಿ. ಮೋಹನ್ ತಂಡ ರೂಪಿಸಿದ ಸಕ್ಕರೆ ಕಾಯಿಲೆಯ ಅಪಾಯಸೂಚಿಗೆ ಬೇಕಾದುದು ನಾಲ್ಕೇ ವಿಷಯ: ವಯಸ್ಸು, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ತಂದೆತಾಯಿಗೆ ಕಾಯಿಲೆ ಇತ್ತೇ ಎಂಬುದು. ನೂರಕ್ಕೆ 60 ಅಥವಾ ಹೆಚ್ಚು ಅಂಕ ಬಂದರೆ ಅಪಾಯ ಹೆಚ್ಚು. ಆಶಾ ಕಾರ್ಯಕರ್ತೆಯರು 30 ವರ್ಷ ಮೀರಿದವರ ಮನೆಗೆ ಬಂದು ತುಂಬುವ ನಮೂನೆಯಲ್ಲೂ ಸೊಂಟದ ಸುತ್ತಳತೆಗೆ ಅಂಕವಿದೆ. ಅವರು ಟೇಪು ಹಿಡಿದು ಬಂದಾಗ ಸಂಕೋಚದಿಂದ ಹಿಂದೆ ಸರಿಯುವುದು ಸರಿಯಲ್ಲ.

2023ರಲ್ಲಿ ಅಮೆರಿಕದ ವೈದ್ಯಕೀಯ ಸಂಘವು ಬಿಎಂಐ ಒಂದನ್ನೇ ನೆಚ್ಚಬಾರದು ಎಂದಿತು. 2025ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಆಯೋಗವೂ ಸೊಂಟದ ಅಳತೆ ಅಥವಾ ನೇರ ಕೊಬ್ಬಿನ ಅಳತೆಯನ್ನು ಜೊತೆಗೆ ಪರಿಗಣಿಸಬೇಕೆಂದು ಹೇಳಿತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ಹಾಗೆಂದು ಬಿಎಂಐ ನಿರುಪಯುಕ್ತ ಎಂದು ಭಾವಿಸಬಾರದು. ಊರಿನ, ಜಿಲ್ಲೆಯ, ದೇಶದ ಸ್ಥಿತಿ ತಿಳಿಯಲು ಅದು ಸುಲಭದ ಸಾಧನ. ಪ್ರಯೋಗಾಲಯವಿಲ್ಲದ ಕಡೆ ಬಳಸಲೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿದ್ಧಪಡಿಸಿದ ಹೃದ್ರೋಗದ ಅಪಾಯಪಟ್ಟಿಯಲ್ಲೂ ಅದನ್ನು ಉಳಿಸಿಕೊಂಡಿದ್ದಾರೆ. ಆದರೆ ಸಾಧ್ಯತೆ ಎಂಬುದು ವಿಧಿಬರಹವಲ್ಲ. ಅಪಾಯ ಶೇ. 20 ಎಂದರೆ ಅಂಥ ನೂರು ಮಂದಿಯಲ್ಲಿ ಇಪ್ಪತ್ತು ಮಂದಿಗೆ ರೋಗ ಬರಬಹುದು ಎಂದಷ್ಟೇ ಅರ್ಥ. ಆ ಇಪ್ಪತ್ತರಲ್ಲಿ ನಾವು ಇದ್ದೇವೆಯೇ ಎಂದು ಯಾವ ಸೂತ್ರವೂ ಹೇಳಲಾರದು. ನಡಿಗೆ, ಮಿತ ಆಹಾರ, ತಂಬಾಕಿನ ತ್ಯಾಗ, ಸಕಾಲದ ಚಿಕಿತ್ಸೆಗಳಿಂದ ಆ ಸಂಖ್ಯೆಯನ್ನು ಇಳಿಸಲು ಸಾಧ್ಯ.

ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ಬಾರಿ ಮನೆಗೆ ಹೋದಾಗ ಒಂದು ಟೇಪು ತೆಗೆದುಕೊಂಡು ತಂದೆತಾಯಿಯರ ಸೊಂಟದ ಸುತ್ತಳತೆ ನೋಡಿರಿ. ಅವರು ತೆಳ್ಳಗಿದ್ದಾರೆ ಎಂಬ ಧೈರ್ಯದಲ್ಲಿ ಇರಬೇಡಿರಿ. ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ನಿಮ್ಮಲ್ಲಿ ಕೆಲವರಾದರೂ ಸಂಖ್ಯಾಶಾಸ್ತ್ರ, ವೈದ್ಯಕೀಯ, ಸಾರ್ವಜನಿಕ ಆರೋಗ್ಯ ವಿಷಯಗಳನ್ನು ಓದಿರಿ. ನಮ್ಮ ಜನರ ದೇಹವನ್ನು ನಮ್ಮವರೇ ಅಳೆದು ಬರೆದಿಟ್ಟರೆ ನಮಗೆ ಹೊಂದುವ ಪಟ್ಟಿ ಸಿದ್ಧವಾಗುತ್ತದೆ. ಆ ಕೆಲಸ ಇನ್ನೂ ಬಹಳ ಉಳಿದಿದೆ.