ಒಂದು ನಾಟಕ, ಹಲವು ಅವಳಿಗಳು: ಶೇಕ್ಸ್‌ಪಿಯರ್‌ನಿಂದ ‘ಉಲ್ಟಾ ಪಲ್ಟಾ’ವರೆಗೆ

ಒಂದೇ ರೂಪಿನ ಇಬ್ಬರು ಯಜಮಾನರು, ಒಂದೇ ರೂಪಿನ ಇಬ್ಬರು ಆಳುಗಳು, ಒಂದೇ ಊರು, ಒಂದೇ ದಿನ. ವಿಲಿಯಂ ಶೇಕ್ಸ್‌ಪಿಯರ್‌ನ ‘ದಿ ಕಾಮಿಡಿ ಆಫ್ ಎರರ್ಸ್’ ನಾಟಕದ ತಿರುಳು ಇಷ್ಟೇ. ನಾಲ್ಕು ಶತಮಾನಗಳಿಗೂ ಹಿಂದಿನ ಈ ಪ್ರಹಸನ ಭಾರತೀಯ ಚಿತ್ರರಂಗಕ್ಕೆ ಮತ್ತೆ ಮತ್ತೆ ಕಥೆಯೊದಗಿಸಿದೆ. ಬಂಗಾಳಿಯ ‘ಭ್ರಾಂತಿ ಬಿಲಾಸ್’ (1963), ಹಿಂದಿಯ ‘ದೋ ದೂನಿ ಚಾರ್’ (1968), ‘ಅಂಗೂರ್’ (1982) ಮತ್ತು ‘ಸರ್ಕಸ್’ (2022), ಕನ್ನಡದ ‘ಉಲ್ಟಾ ಪಲ್ಟಾ’ (1997) ಇವುಗಳಲ್ಲಿ ಪ್ರಮುಖವಾದವು. ಕಥೆ ಒಂದೇ ಆದರೂ ಕೆಲವು ಚಿತ್ರಗಳು ಗೆದ್ದವು, ಕೆಲವು ಸೋತವು. ಮೂಲದಿಂದ ಯಾವುದನ್ನು ಉಳಿಸಿಕೊಳ್ಳಲಾಯಿತು, ಯಾವುದನ್ನು ಕೈಬಿಡಲಾಯಿತು ಎಂಬುದನ್ನು ಗಮನಿಸಿದರೆ ಈ ವ್ಯತ್ಯಾಸದ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ.

ಮೂಲ ನಾಟಕ

ರೋಮನ್ ನಾಟಕಕಾರ ಪ್ಲಾಟಸ್‌ನ ‘ಮೆನೆಕ್ಮಿ’ಯಿಂದ ಶೇಕ್ಸ್‌ಪಿಯರ್ ಅವಳಿ ಸೋದರರ ಕಥೆಯನ್ನು ಪಡೆದ. ಪ್ಲಾಟಸ್‌ನಲ್ಲಿ ಅವಳಿಗಳದ್ದು ಒಂದೇ ಜೋಡಿ. ಆಳುಗಳ ಎರಡನೆಯ ಜೋಡಿ ಶೇಕ್ಸ್‌ಪಿಯರ್ ಸೇರಿಸಿದ್ದು. 1594ರ ಡಿಸೆಂಬರ್ 28ರಂದು ಲಂಡನ್ನಿನ ಗ್ರೇಸ್ ಇನ್‌ನಲ್ಲಿ ನಾಟಕ ಪ್ರದರ್ಶನಗೊಂಡಿತು. ಆತನ ನಾಟಕಗಳಲ್ಲೇ ಇದು ಅತಿ ಚಿಕ್ಕದು.

ನಾಟಕ ಆರಂಭವಾಗುವುದು ನಗುವಿನಿಂದಲ್ಲ, ಮರಣದಂಡನೆಯಿಂದ. ಶತ್ರುನಗರದ ವರ್ತಕನೆಂಬ ಕಾರಣಕ್ಕೆ ವೃದ್ಧ ಈಜಿಯನ್‌ನನ್ನು ಎಫಿಸಸ್‌ನಲ್ಲಿ ಬಂಧಿಸಲಾಗಿದೆ. ಸೂರ್ಯಾಸ್ತದೊಳಗೆ ಸಾವಿರ ಮಾರ್ಕ್ ದಂಡ ತೆರದಿದ್ದರೆ ತಲೆ ಉಳಿಯುವುದಿಲ್ಲ. ಹಡಗು ಒಡೆದು ಬೇರೆಯಾದ ಆತನ ಅವಳಿ ಮಕ್ಕಳಿಬ್ಬರೂ ಅದೇ ದಿನ ಅದೇ ಊರಿನಲ್ಲಿದ್ದಾರೆ. ಪತ್ನಿ ಏಡ್ರಿಯಾನಾ ಗಂಡನೆಂದು ತಿಳಿದು ಮೈದುನನನ್ನು ಊಟಕ್ಕೆ ಕರೆತರುತ್ತಾಳೆ. ನಿಜವಾದ ಗಂಡ ಸ್ವಂತ ಮನೆಯ ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ. ಚಿನ್ನದ ಸರವೊಂದು ತಪ್ಪು ವ್ಯಕ್ತಿಯ ಕೈಸೇರಿ, ಹಣ ಕೊಡದ ಆರೋಪದಲ್ಲಿ ಇನ್ನೊಬ್ಬನ ಬಂಧನವಾಗುತ್ತದೆ. ಅವಳಿಗಳು ಮುಖಾಮುಖಿಯಾಗುವುದು ಕೊನೆಯ ಅಂಕದಲ್ಲಿ ಮಾತ್ರ.

ಕನ್ನಡಕ್ಕೆ ಬಂದ ಬಗೆ

ಚಿತ್ರಗಳಿಗಿಂತ ಬಹಳ ಮೊದಲೇ ಈ ಕಥೆ ಕನ್ನಡ ಓದುಗರನ್ನು ತಲುಪಿತ್ತು. 1870ರ ದಶಕದಲ್ಲಿ ಎರಡು ಕೃತಿಗಳು ಹೊರಬಂದವು. ಧಾರವಾಡ ಸೀಮೆಯ ಶಿಕ್ಷಣಾಧಿಕಾರಿ ಡೆಪ್ಯುಟಿ ಚೆನ್ನಬಸಪ್ಪನವರು ಇದನ್ನು ‘ನಗದವರನ್ನು ನಗಿಸುವ ಕಥೆ’ಯೆಂದು ಗದ್ಯದಲ್ಲಿ ಬರೆದರು. ಬಿ. ವೆಂಕಟಾಚಾರ್ಯರು ಈಶ್ವರಚಂದ್ರ ವಿದ್ಯಾಸಾಗರರ ಬಂಗಾಳಿ ‘ಭ್ರಾಂತಿವಿಲಾಸ’ (1869) ಕೃತಿಯನ್ನು ಕನ್ನಡಕ್ಕೆ ತಂದರು. ವಿದ್ಯಾಸಾಗರರು ಪಾತ್ರಗಳಿಗೆ ಚಿರಂಜೀವ, ಕಿಂಕರ ಎಂಬ ದೇಶೀ ಹೆಸರುಗಳನ್ನಿಟ್ಟಿದ್ದರು. ಇದೇ ಬಂಗಾಳಿ ಕೃತಿ 1963ರಲ್ಲಿ ಮನು ಸೇನ್ ನಿರ್ದೇಶನದಲ್ಲಿ ಚಿತ್ರವಾಯಿತು. ಉತ್ತಮ್ ಕುಮಾರ್ ಮತ್ತು ಭಾನು ಬಂದೋಪಾಧ್ಯಾಯ ದ್ವಿಪಾತ್ರಗಳಲ್ಲಿ ನಟಿಸಿದರು.

ಗುಲ್ಜಾರರ ಎರಡು ಪ್ರಯತ್ನ

‘ದೋ ದೂನಿ ಚಾರ್’ಗೆ ಚಿತ್ರಕಥೆ ಬರೆದವರು ಗುಲ್ಜಾರ್. ಕಿಶೋರ್ ಕುಮಾರ್, ಅಸಿತ್ ಸೇನ್ ಅವರಂಥ ನಟರಿದ್ದೂ ಚಿತ್ರ ಗೆಲ್ಲಲಿಲ್ಲ. 14 ವರ್ಷಗಳ ಬಳಿಕ ಗುಲ್ಜಾರರೇ ಅದೇ ಕಥೆಯನ್ನು ‘ಅಂಗೂರ್’ ಆಗಿ ನಿರ್ದೇಶಿಸಿದರು. ಸಂಜೀವ್ ಕುಮಾರ್ ಇಬ್ಬರು ಅಶೋಕರಾಗಿ, ದೇವೇನ್ ವರ್ಮಾ ಇಬ್ಬರು ಬಹಾದುರರಾಗಿ ಅಭಿನಯಿಸಿದರು. ವರ್ಮಾ ಅವರಿಗೆ ಶ್ರೇಷ್ಠ ಹಾಸ್ಯನಟನೆಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಸಂದಿತು.

‘ಅಂಗೂರ್’ ಮಾಡಿಕೊಂಡ ಮುಖ್ಯ ಬದಲಾವಣೆ ಗಮನಾರ್ಹ. ಮೂಲದಲ್ಲಿ ಹೊರಊರಿನ ಅವಳಿ ತನ್ನ ಸೋದರನನ್ನೇ ಹುಡುಕಿಕೊಂಡು ಬಂದವನು. ಹಾಗಿದ್ದೂ ಜನ ತನ್ನನ್ನು ಬೇರಾರೋ ಎಂದು ಭಾವಿಸುತ್ತಿರುವುದರ ಕಾರಣ ಅವನಿಗೆ ಹೊಳೆಯುವುದಿಲ್ಲ. ಗುಲ್ಜಾರರ ಅಶೋಕ ಬಂದದ್ದು ದ್ರಾಕ್ಷಿ ತೋಟ ಕೊಳ್ಳಲು. ಕೈಯಲ್ಲಿ ದೊಡ್ಡ ಮೊತ್ತವಿದೆ, ತಲೆಯಲ್ಲಿ ಪತ್ತೇದಾರಿ ಕಾದಂಬರಿಗಳಿವೆ. ಹೀಗಾಗಿ ಪ್ರೀತಿ ತೋರುವ ಪ್ರತಿಯೊಬ್ಬರೂ ಅವನಿಗೆ ದರೋಡೆ ತಂಡದವರಂತೆ ಕಾಣುತ್ತಾರೆ. ಮರಣದಂಡನೆ ಚಿತ್ರದಲ್ಲಿಲ್ಲ, ಆ ಸ್ಥಾನದಲ್ಲಿ ಈ ಭಯವಿದೆ. ಸರದ ವಿಷಯಕ್ಕೆ ಗಂಡನೊಡನೆ ಜಗಳವಾಡುವ ಸುಧಾಳ (ಮೌಸುಮಿ ಚಟರ್ಜಿ) ನೋವೂ ನಿಜವಾಗಿಯೇ ಉಳಿದಿದೆ.

‘ಉಲ್ಟಾ ಪಲ್ಟಾ’

ಪತ್ರಕರ್ತರಾಗಿದ್ದ ಎನ್.ಎಸ್. ಶಂಕರ್ 1997ರಲ್ಲಿ ಕಥೆಯನ್ನು ಕನ್ನಡ ತೆರೆಗೆ ತಂದರು. ರಮೇಶ್ ಅರವಿಂದ್ ಮತ್ತು ಕಾಶಿ ದ್ವಿಪಾತ್ರಗಳಲ್ಲಿದ್ದರು. ಅದೇ ವರ್ಷ ತೆರೆಕಂಡ ‘ಅಮೃತವರ್ಷಿಣಿ’ಯಲ್ಲಿ ರಮೇಶ್ ಪ್ರೇಮದ ಹುಚ್ಚು ಹಿಡಿದ ಕರಾಳ ಪಾತ್ರ ಮಾಡಿದ್ದರೆಂಬುದನ್ನು ನೆನೆದರೆ, ಈ ಆಯ್ಕೆಯ ವೈವಿಧ್ಯ ಅರ್ಥವಾಗುತ್ತದೆ.

ಕನ್ನಡ ಪ್ರೇಕ್ಷಕರಿಗೆ ದ್ವಿಪಾತ್ರ ಹೊಸದೇನಲ್ಲ. ‘ದಾರಿ ತಪ್ಪಿದ ಮಗ’ (1975) ಚಿತ್ರದಲ್ಲಿ ದ್ವಿಪಾತ್ರವನ್ನು, ‘ಶಂಕರ್ ಗುರು’ (1978) ಚಿತ್ರದಲ್ಲಿ ತ್ರಿಪಾತ್ರವನ್ನು ಡಾ. ರಾಜ್‌ಕುಮಾರ್ ಮನೆಮಾತಾಗಿಸಿದ್ದರು. ಆದರೆ ಅಲ್ಲಿ ಒಂದೇ ಮುಖದ ಪಾತ್ರಗಳ ಗುಣ, ನಡೆ ಬೇರೆ ಬೇರೆ, ಪ್ರೇಕ್ಷಕರಿಗೆ ಗೊಂದಲವಿಲ್ಲ. ಶೇಕ್ಸ್‌ಪಿಯರ್‌ನ ಅವಳಿಗಳಲ್ಲಿ ಒಳ್ಳೆಯವ, ಕೆಟ್ಟವ ಎಂಬ ಭೇದವಿಲ್ಲ. ಇಬ್ಬರೂ ಸಾಮಾನ್ಯ ಮನುಷ್ಯರೇ. ರಂಗದ ಮೇಲೆ ಇಬ್ಬರು ನಟರಿರುವುದರಿಂದ ಪ್ರೇಕ್ಷಕರು ಹೋಲಿಕೆಯನ್ನು ನಂಬಬೇಕು. ಸಿನಿಮಾದಲ್ಲಿ ಒಬ್ಬನೇ ನಟನಿರುವುದರಿಂದ ವ್ಯತ್ಯಾಸವನ್ನು ಗುರುತಿಸಬೇಕು. ಆ ಹೊಣೆ ಪೂರ್ಣವಾಗಿ ನಟನ ಮೇಲಿದೆ.

ಚಿತ್ರ ಯಶಸ್ಸು ಕಂಡಿತು. ಪರಭಾಷೆಯ ಕಥೆಗಳನ್ನು ತರುವುದೇ ಹೆಚ್ಚಾಗಿದ್ದ ಗಾಂಧಿನಗರದಿಂದ ಈ ಬಾರಿ ಕಥೆ ಹೊರಹೋಯಿತು. 1998ರಲ್ಲಿ ರಾಜೇಂದ್ರ ಪ್ರಸಾದ್ ನಾಯಕತ್ವದಲ್ಲಿ ಅದೇ ಹೆಸರಿನಿಂದ ತೆಲುಗಿನಲ್ಲೂ, 2005ರಲ್ಲಿ ‘ಅಂಬುಟ್ಟು ಇಂಬುಟ್ಟು ಎಂಬುಟ್ಟು’ ಎಂದು ತಮಿಳಿನಲ್ಲೂ ರೀಮೇಕ್ ಆಯಿತು.

‘ಸರ್ಕಸ್’ ಸೋತದ್ದೆಲ್ಲಿ?

ರೋಹಿತ್ ಶೆಟ್ಟಿ ನಿರ್ದೇಶನದ ‘ಸರ್ಕಸ್’ನಲ್ಲಿ ಬೆಂಗಳೂರಿನಲ್ಲಿ ಬೆಳೆದ ಜೋಡಿ ಊಟಿಗೆ ಹೋಗುತ್ತದೆ, ಅಲ್ಲಿ ಇನ್ನೊಂದು ಜೋಡಿ ಸರ್ಕಸ್ ನಡೆಸುತ್ತಿದೆ. ಒಬ್ಬ ವಿದ್ಯುತ್ ತಂತಿ ಹಿಡಿದರೆ ಆಘಾತ ಇನ್ನೊಬ್ಬನಿಗೆ. ರಣವೀರ್ ಸಿಂಗ್, ವರುಣ್ ಶರ್ಮಾ ನಟಿಸಿದ್ದರೂ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಕಣ್ಣುಕುಕ್ಕುವ ಬಣ್ಣದ ಸೆಟ್‌ಗಳ ನಡುವೆ ಯಾರೂ ಏನನ್ನೂ ಕಳೆದುಕೊಳ್ಳುವ ಅಪಾಯದಲ್ಲಿದ್ದಂತೆ ಅನಿಸುವುದಿಲ್ಲ. ತಂತಿಯ ಆಘಾತ ಮೈಗೆ ತಗಲುತ್ತದೆ. ಮನೆ, ಮಾನ, ದಾಂಪತ್ಯಗಳಿಗೆ ತಗಲುವುದಿಲ್ಲ.

ಈ ಪ್ರಹಸನದ ನಗು ನಿಂತಿರುವುದು ಆ ಅಪಾಯದ ಮೇಲೆಯೇ. ಸ್ವಂತ ಮನೆಯ ಬಾಗಿಲು ತನಗೇ ತೆರೆಯದಿದ್ದರೆ, ಕಟ್ಟಿಕೊಂಡವಳೇ ಗುರುತಿಸದಿದ್ದರೆ, ಮಾಡದ ಸಾಲಕ್ಕೆ ಪೊಲೀಸರು ಕೈಹಿಡಿದರೆ ಮನುಷ್ಯನ ಪಾಡೇನು? ಈ ಪ್ರಶ್ನೆ ಪಾತ್ರಗಳಿಗೆ ಗಂಭೀರವಾದಾಗ ಪ್ರೇಕ್ಷಕರಿಗೆ ನಗೆ ಬರುತ್ತದೆ. ಪಾತ್ರಗಳೇ ನಗಿಸಲು ಹೊರಟರೆ ಪ್ರೇಕ್ಷಕರು ಸುಮ್ಮನಾಗುತ್ತಾರೆ. ಹೋಲಿಸಿ ನೋಡುವ ಆಸಕ್ತರು ‘ಅಂಗೂರ್’ ಮತ್ತು ‘ಉಲ್ಟಾ ಪಲ್ಟಾ’ಗಳಿಂದ ಆರಂಭಿಸುವುದು ಸೂಕ್ತ.