ಬೆರಳ ತುದಿಯ ಬೀಜಗಣಿತ

ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಬೀಜಗಣಿತದ ಗ್ರಂಥದಲ್ಲಿ ಇಂದಿನಂಥ ಗುರುತುಗಳೇ ಇರಲಿಲ್ಲ. ಸಮೀಕರಣಗಳೆಲ್ಲ ವಾಕ್ಯಗಳು. ಆಕೃತಿಗಳನ್ನು ಬಿಟ್ಟರೆ ಉಳಿದುದನ್ನು ಅಂಧನೊಬ್ಬ ಕಿವಿಯಿಂದಲೇ ಕಲಿಯಬಹುದಿತ್ತು. ಮುಂದೆ ಯುರೋಪಿನಲ್ಲಿ ಸಂಕೇತಗಳು ನೆಲೆಯೂರಿದವು. ಗಣಿತ ಚುರುಕಾಯಿತು, ಜೊತೆಗೆ ಕಣ್ಣಿಗೆ ಅಂಟಿಕೊಂಡಿತು.

ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಲಿಪಿ ಅಂಧರ ಕೈಗೆ ಅಕ್ಷರವನ್ನು ಕೊಟ್ಟಿತು. ಆದರೆ ಆರು ಚುಕ್ಕೆಗಳಿಂದ ಮೂಡುವುದು 63 ರೂಪಗಳು ಮಾತ್ರ. ಅಂಕಿಗಳಿಗೆ ಬೇರೆ ಜಾಗವಿರಲಿಲ್ಲ. ಮೊದಲ ಹತ್ತು ಅಕ್ಷರಗಳ ಹಿಂದೆ ಒಂದು ಸೂಚಕ ಚಿಹ್ನೆ ಇಟ್ಟರೆ ಅವೇ ಅಂಕಿ. ಅಂಗಡಿ ಲೆಕ್ಕಕ್ಕೆ ಇದು ಸಾಕು. ಅಂಕಿಯೂ ಅಕ್ಷರವೂ ಬೆರೆತು ಬರುವ ಬೀಜಗಣಿತಕ್ಕೆ ಸಾಲದು. 1894ರಲ್ಲಿ ದೃಷ್ಟಿ ಕಳೆದುಕೊಂಡ ಕೇಂಬ್ರಿಡ್ಜ್‌ನ ಗಣಿತಜ್ಞ ಹೆನ್ರಿ ಮಾರ್ಟಿನ್ ಟೇಲರ್ ಒಂದು ಪದ್ಧತಿ ರೂಪಿಸಿದರು. ಅದು ಅಮೆರಿಕವನ್ನೂ ತಲುಪಿತು.

ಅದರಿಂದ ತೃಪ್ತರಾಗದವರು ಅಬ್ರಹಾಂ ನೆಮೆತ್. 1918ರಲ್ಲಿ ನ್ಯೂಯಾರ್ಕಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಹುಟ್ಟು ಅಂಧರು. ಅವರಿಗೆ ಗಣಿತದ ಮೇಲೆ ಪ್ರೀತಿ. ಅಂಧರಿಗೆ ಗಣಿತ ಆಗದೆಂದು ಹಿತೈಷಿಗಳ ಬುದ್ಧಿವಾದ. ಹಾಗಾಗಿ ಕೊಲಂಬಿಯಾದಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದರು. ಆ ಕ್ಷೇತ್ರದಲ್ಲಿ ಕೆಲಸ ಸಿಗಲಿಲ್ಲ. ಹೇಗೂ ನಿರುದ್ಯೋಗಿ, ಗಣಿತ ಕಲಿತೇ ನಿರುದ್ಯೋಗಿಯಾಗಬಾರದೇಕೆ ಎಂದು ಹೆಂಡತಿ ಫ್ಲಾರೆನ್ಸ್ ಕೇಳಿದರಂತೆ. ಹಿತೈಷಿಗಳಿಗಿಂತ ಆ ಮಾತೇ ವಿವೇಕದ್ದಾಗಿತ್ತು.

ಪುನಃ ವಿದ್ಯಾರ್ಥಿಯಾದ ನೆಮೆತ್ ತಮ್ಮ ಬಳಕೆಗೆಂದೇ ಒಂದು ಲಿಪಿ ಕಟ್ಟಿಕೊಂಡರು. ಅಂಕಿಗಳನ್ನು ಚೌಕದ ಕೆಳಭಾಗಕ್ಕೆ ಇಳಿಸಿದರು. ಆಗ ಅಕ್ಷರ ಮೇಲೆ, ಅಂಕಿ ಕೆಳಗೆ, ಬೆರಳಿಗೆ ಗೊಂದಲವಿಲ್ಲ. ಇನ್ನೊಂದು ತೊಡಕು ಭಿನ್ನರಾಶಿಯದು. ಗೆರೆಯ ಮೇಲೇನಿದೆ, ಕೆಳಗೇನಿದೆ ಎಂಬುದು ಕಣ್ಣಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಬೆರಳು ಹೋಗುವುದು ಸಾಲಿನುದ್ದಕ್ಕೆ. 'ಎ'ಯನ್ನು 'ಬಿ'ಯಿಂದ ಭಾಗಿಸಿ ಒಂದು ಕೂಡಬೇಕೋ, 'ಬಿ'ಗೆ ಒಂದು ಕೂಡಿ ಆಮೇಲೆ ಭಾಗಿಸಬೇಕೋ? ನೆಮೆತ್ ಭಿನ್ನರಾಶಿಯ ಆರಂಭಕ್ಕೊಂದು, ಗೆರೆಗೊಂದು, ಮುಕ್ತಾಯಕ್ಕೊಂದು ಗುರುತು ಇಟ್ಟರು. ಘಾತಕ್ಕೆ ಬೆರಳು ಮೇಲೇರಿತೆಂದೂ, ಮರಳಿ ಕೆಳಗಿಳಿಯಿತೆಂದೂ ಹೇಳುವ ಗುರುತುಗಳನ್ನಿಟ್ಟರು. ಸ್ವಂತಕ್ಕೆಂದು ಮಾಡಿಕೊಂಡ ಈ ಲಿಪಿ 1952ರಲ್ಲಿ ಪ್ರಕಟವಾಯಿತು. 1972ರಲ್ಲಿ ದೊಡ್ಡ ಪರಿಷ್ಕರಣೆ ಕಂಡಿತು. 1955ರಿಂದ ಡೆಟ್ರಾಯಿಟ್ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಗಣಿತ ಕಲಿಸಿದ ನೆಮೆತ್ 2013ರಲ್ಲಿ ತೀರಿಕೊಂಡರು.

ಲಿಪಿ ಇದ್ದ ಮಾತ್ರಕ್ಕೆ ಪುಸ್ತಕ ಬರುವುದಿಲ್ಲ. ಒಂದು ಪಠ್ಯ ಬ್ರೈಲ್‌ನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ, ಆಕೃತಿಗಳನ್ನು ಉಬ್ಬುಗೆರೆಗಳಲ್ಲಿ ಮೂಡಿಸಬೇಕು, ಲಿಪ್ಯಂತರ ಮಾಡುವವರಿಗೆ ಗಣಿತವೂ ತಿಳಿದಿರಬೇಕು. 1951ರ ಭಾರತಿ ಬ್ರೈಲ್‌ನಿಂದಾಗಿ ಕನ್ನಡದ ಅಕ್ಷರಗಳೂ ಅದೇ ಆರು ಚುಕ್ಕೆಗಳಿಗೆ ಬಂದವು. ಕಥೆ, ಚರಿತ್ರೆ ಓದಲು ದಾರಿಯಾಯಿತು. ಗಣಿತದ ಮಟ್ಟಿಗೆ ಮಾತ್ರ ನಮ್ಮ ದೇಶದ ಪರೀಕ್ಷಾ ಮಂಡಳಿಗಳು ಸುಲಭದ ದಾರಿ ಹುಡುಕಿದವು: ಅಂಧ ಮಕ್ಕಳು ಅದರ ಬದಲು ಸಂಗೀತದಂಥ ವಿಷಯ ಆಯ್ದುಕೊಳ್ಳಬಹುದು ಎಂದವು. ಕೊಟ್ಟದ್ದು ದಯೆಯಿಂದಲೇ ಇರಬಹುದು. ಆದರೆ ಹೀಗೆ ಹತ್ತನೇ ತರಗತಿಯಲ್ಲಿ ಗಣಿತ ಬಿಟ್ಟ ಹುಡುಗಿ ಮುಂದೆ ವಿಜ್ಞಾನ ಓದುತ್ತೇನೆಂದರೆ, ನಿನಗೆ ಗಣಿತವೇ ಇಲ್ಲವಲ್ಲ ಎಂಬ ಉತ್ತರ ಕಾದಿರುತ್ತದೆ.